ಹಾಯುವುದು

ಅರ್ಗಾದ ನೇವಿ ಕ್ವಾರ್ಟರ್ಸಿನವರು ವರ್ಗವಾಗಿ ಹೋಗುವಾಗ
ಅರ್ಧ ಬೆಲೆಗೆ ಬಿಟ್ಟುಹೋದ ಗೇಮಿನ ಪೆಟ್ಟಿಗೆ.
ಕಂಟ್ರೋಲರ್ ಎರಡಿದ್ದವು. ಒಂದರ ಗುಂಡಿಗಳನ್ನು
ಬೈತಖೋಲದ ಉಪ್ಪುಗಾಳಿ ವರ್ಷದೊಳಗೆ ತಿಂದಿತು.
ಹಾಗಾಗಿ ನಾನೊಬ್ಬಳೇ.
ಐಸ್ ಪ್ಲಾಂಟಿನ ರಾತ್ರಿ ಪಾಳಿ, ಪ್ಯಾನೆಲ್ ಕೋಣೆ,
ಗೋಡೆಯಾಚೆ ಕಂಪ್ರೆಸರಿನ ಉಬ್ಬಸ,
ಮತ್ತು ಅರ್ಧ ಆನೆಯಷ್ಟಿರುವ ನನ್ನ ಬಿಳಿ ಟಗರು.

ಎದುರಿಗೆ ಗುರಾಣಿಯ ದೈತ್ಯ.
ಈಟಿ ನಾಟುವುದಿಲ್ಲ, ಬಾಣ ತಟ್ಟಿ ಬೀಳುತ್ತದೆ
ತಗಡಿನ ಮೇಲೆ ಎಸೆದ ಚಿಪ್ಪಿನ ಹಾಗೆ.
ಟಗರಿನ ಕೊಂಬೊಂದೇ ಅವನಿಗೆ ತಿಳಿಯುವ ಭಾಷೆ.
ಗುಂಡಿ ಒತ್ತಿ ಹಿಡಿದರೆ ಅದು ನೆಲ ಕೆರೆಯುತ್ತದೆ,
ಕೊಂಬಿನ ಸುರುಳಿ ಒಳಗಿಂದ ಕೆಂಪಾಗುತ್ತ ಬರುತ್ತದೆ,
ಬಿಟ್ಟರೆ ಹಾಯುತ್ತದೆ.

ಬೇಗ ಬಿಟ್ಟೆ: ಮದುವೆಮನೆಯ ನೂಕಾಟದಲ್ಲಿ ಭುಜ ತಾಗಿದಷ್ಟು.
ದೈತ್ಯ ಕ್ಷಮಿಸಿದವನಂತೆ ಪಕ್ಕಕ್ಕೆ ಸರಿದ.
ತಡವಾಗಿ ಬಿಟ್ಟೆ: ಕೆಂಪು ಬಿಳಿಚಿ, ಟಗರು ಮುಗ್ಗರಿಸಿ,
ನಾನು ಅದರ ಕೊರಳ ಮೇಲಿಂದ ಹಾರಿ
ಅವನ ಕಾಲ್ಬೆರಳ ಬಳಿ.
ಮೂವತ್ತೇಳು ಸಲ ಸತ್ತೆ. ಲೆಕ್ಕವನ್ನು
ಐಸಿನ ಗಟ್ಟಿ ಬರೆಯುವ ಪುಸ್ತಕದ ಹಿಂಪುಟದಲ್ಲೇ ಇಟ್ಟೆ,
ಐದೈದರ ಗೆರೆ ಕಟ್ಟಿ. ಒಮ್ಮೆ ಮಾಲೀಕರು ಕೇಳಿದರು,
ಇದು ಯಾವ ಬೋಟಿನ ಬಾಕಿ?

ಜೊತೆಯಿದ್ದವರ ಆಟ ಬೇರೆ.
ಒಬ್ಬಳು ದೈತ್ಯನ ಮುಂದೆ ಕುಣಿದು ಮುಖ ತಿರುಗಿಸುತ್ತಾಳೆ,
ಇನ್ನೊಬ್ಬಳು ಬೆನ್ನಿಗೆ ಹಾಯುತ್ತಾಳೆ.
ಒಂಟಿಯಾದವಳು ತಾನೇ ಕರೆದು ತಾನೇ ಓಡಬೇಕು,
ತನ್ನ ಬೆನ್ನನ್ನೇ ಗಾಳಕ್ಕೆ ಸಿಕ್ಕಿಸಬೇಕು.

ಸೋಯ್ರು ತಾಂಡೇಲ ಮೂರು ಗಂಟೆಗೆ ಬರುತ್ತಾನೆ,
ಹೊರಡುವ ಮೊದಲು ಐಸಿಗೆ. ಬೀಡಿ ಕಿವಿಗೆ ಸಿಕ್ಕಿಸಿ
ಬಾಗಿಲಲ್ಲಿ ನಿಂತು ನೋಡಿದ.
"ಕಾಳಿಯ ಅಳಿವೆ ಹಾಯುವಾಗ ನಾವು ಅಲೆ ಎಣಿಸ್ತೇವೆ ಶೆವಂತಾ.
ದೊಡ್ಡದು ಮೂರು ಬರ್ತದೆ. ಮೂರನೆಯದರ ಬೆನ್ನು ಹತ್ತು."
ಎಣಿಸಿದೆ. ಒಂದು, ಎರಡು, ಮೂರು.
ಮೂವತ್ತೆಂಟನೆಯ ಸಾವು.
"ನಿನ್ನ ದೈತ್ಯನಿಗೆ ಸಮುದ್ರ ಗೊತ್ತಿಲ್ಲ" ಅಂದ,
ಇಪ್ಪತ್ತು ಗಟ್ಟಿ ಬರೆಸಿ ಹೋದ.

ಆದರೆ ಆ ಮಾತು ಹೋಗಲಿಲ್ಲ. ಹಾಯುವುದು.
ಹೊಳೆ ಹಾಯುತ್ತೇವೆ. ಎತ್ತು ಹಾಯುತ್ತದೆ.
ದಾಟುವುದಕ್ಕೂ ತಿವಿಯುವುದಕ್ಕೂ ಒಂದೇ ಪದವಿಟ್ಟವರು ಯಾರೋ,
ಕೊಂಬು ಕಂಡವರಿರಬೇಕು, ಕಡವೂ ಕಂಡವರು.
ನಾನಿಷ್ಟು ದಿನ ಅವನಿಗೆ ಹಾಯುತ್ತಿದ್ದೆ.
ಅವನನ್ನು ಹಾಯಬೇಕಿತ್ತು.
ಗುರಿ ಅವನ ಎದೆಯಲ್ಲ, ಅವನ ಹಿಂದಿರುವ ಕಲ್ಲುಕಂಬ.

ಮರುರಾತ್ರಿ ಟಗರಿನ ಮೂತಿ ತಿರುಗಿಸಿ ಓಡಿದೆ.
ಮೊದಲೆಲ್ಲ ಓಡಲು ನಾಚಿಕೆ;
ಟಗರು ಹಿಂದೆ ಸರಿಯುವುದು ಹೆದರಿ ಅಲ್ಲ ಎಂದು
ಆಯಿ ಹೇಳುತ್ತಿದ್ದದ್ದು ಬೇರೆ ಯಾರದೋ ಜಗಳಕ್ಕೆ.
ಹದಿನಾಲ್ಕು ನೆಗೆತ ದೂರ. ಹದಿಮೂರಾದರೆ ಬಿರುಸು ಸಾಲದು.
ತಿರುಗಿದೆ. ಒತ್ತಿ ಹಿಡಿದೆ.
ಅವನು ಬರುತ್ತಿದ್ದಾನೆ, ಪರದೆ ಅದುರುತ್ತಿದೆ,
ಹೆಬ್ಬೆರಳು ಬಿಡು ಬಿಡು ಅನ್ನುತ್ತಿದೆ.
ಗೋಡೆಯಾಚೆ ಕಂಪ್ರೆಸರು ಉಸಿರೆಳೆಯಿತು,
ಅವನೂ ಎಳೆದ. ಗುರಾಣಿ
ಒಂದು ಗೇಣು ಇಳಿಯಿತು.

ಬಿಟ್ಟೆ.

ಸದ್ದೇ ಆಗಲಿಲ್ಲ ಅಂತ ನೆನಪು. ತಗ್ಗಿಸಿಟ್ಟಿದ್ದೆನೋ ಏನೋ.
ಕಂಬದ ಬುಡದಲ್ಲಿ ಟಗರು ನಿಂತಿತ್ತು, ಮೈಯಿಂದ ಆವಿ.
ತಿರುಗಿ ನೋಡಿದರೆ ಗುರಾಣಿಯ ಎರಡು ಹೋಳು,
ನಡುವೆ ನಾನು ಬಂದ ದಾರಿ.
ಹೇಳಲಿಕ್ಕೆ ಯಾರೂ ಇರಲಿಲ್ಲ. ಇದ್ದಿದ್ದರೆ
ಏನು ಹೇಳುತ್ತಿದ್ದೆ? ಹೆಬ್ಬೆರಳು ತೋರಿಸುತ್ತಿದ್ದೆ,
ಗುಂಡಿಯ ದುಂಡು ಗುರುತು ಮೂಡಿದ್ದನ್ನು.

ಹೊರಗೆ ಬೋಟಿನ ಹುಡುಗರು ಕೂಗಿದರು.
ಆಟ ನಿಲ್ಲಿಸದೆ ಎದ್ದೆ; ಟಗರು ಹುಲ್ಲು ಮೇಯುತ್ತಿರಲಿ.
ಗಟ್ಟಿಗಳು ಇಳಿಜಾರಿನಲ್ಲಿ ಒಂದರ ಹಿಂದೊಂದು ಜಾರಿ
ಕ್ರಷರಿನ ಬಾಯಿಗೆ ತಲೆಕೊಡುತ್ತಿದ್ದವು.
ಜೆಟ್ಟಿಯ ತುದಿಯಿಂದ ಸೋಯ್ರು ಕೈಯೆತ್ತಿ ಕೇಳಿದ,
"ಹಾಯ್ದ್ಯಾ?"
ಕೈ ಇನ್ನೂ ನಡುಗುತ್ತಿತ್ತು.
ಒಯ್ದದ್ದು ಇಪ್ಪತ್ತು ಗಟ್ಟಿ. ಅವನ ಲೆಕ್ಕದಲ್ಲಿ
ಹತ್ತೊಂಬತ್ತೇ ಬರೆದೆ.