ಮೂರು ಚೀಲ, ಆರು ಮೂಗು

ಬೆಳಗ್ಗೆ ಕಾಫಿ ಕುಡಿಯಬಾರದು. ಘಮದ ಸೋಪು ಮುಟ್ಟಬಾರದು.
ನೆಗಡಿಯಾದರೆ ಹಿಂದಿನ ದಿನವೇ ಫೋನು ಮಾಡಬೇಕು.
ಉತ್ಸುನೊಮಿಯಾದಲ್ಲಿ, ಮೂರನೆಯ ಮಹಡಿಯ ಈ ಬಿಳಿ ಕೋಣೆಯಲ್ಲಿ
ನಾನು ಬಾಡಿಗೆಗೆ ಬಂದ ಮೂಗು.
ತಿಂಗಳಿಗೆರಡು ಸಲ. ಬಸ್ ಚಾರ್ಜು ಬೇರೆ.

ಎದುರಿಗೆ ಮೂರು ಚೀಲ.
ಎರಡರಲ್ಲಿ ಬರಿ ಗಾಳಿ, ಒಂದರಲ್ಲಿ ಯಾರದೋ ತಿಪ್ಪೆಯ ಉಸಿರು.
ಯಾವುದು, ಹೇಳಿ, ಅನ್ನುತ್ತಾರೆ ಹೊಸೊಯಾ,
ಹೆಣ್ಣು ನೋಡಲು ಬಂದವರಷ್ಟು ಮೆಲ್ಲಗೆ.
ಹೇಳಿದರೆ ಮೂರು ಪಟ್ಟು ತೆಳುವಾಗಿಸಿ ತರುತ್ತಾರೆ,
ಮತ್ತೆ ಮೂರು ಪಟ್ಟು,
ಮೂಗು ಸೋಲುವವರೆಗೆ.

ಅಮೋನಿಯಾಕ್ಕೆ ನಾಚಿಕೆಯಿಲ್ಲ,
ಬಾಗಿಲು ತಟ್ಟದೆ ಕಣ್ಣಿಗೇ ನುಗ್ಗುತ್ತದೆ,
ಬಂದಷ್ಟೇ ಬೇಗ ಹೋಗಿಯೂ ಬಿಡುತ್ತದೆ.
ಹಟ ಹಿಡಿದು ಕೂರುವವು ಅದರ ಹಿಂದೆ ಬಂದವು:
ಹಳಸಿದ ಮೀನು, ಕೊಳೆತ ಮೊಟ್ಟೆ,
ಕೋಸು ಬೇಯಿಸಿ ಮರೆತ ಪಾತ್ರೆ.

ಇವತ್ತಿನ ಚೀಲಕ್ಕೆ ಹೆಸರಿಲ್ಲ. ಎಂ-ಹದಿನೇಳು, ಅಷ್ಟೆ.
ಮುನ್ನೂರು ಪಟ್ಟಿನಲ್ಲಿ ಎರಡನೆಯದಕ್ಕೆ ಮೂಗೊಡ್ಡಿದೆ.
ಸಗಣಿ, ಸರಿ. ಹಾಲು ಚೆಲ್ಲಿ ಹುಳಿತ ನೆಲ, ಸರಿ.
ಅದರಡಿಗೆ, ಇದೇನು, ಹಿನೊಕಿ ಮರದ ಹೊಟ್ಟು.
ನಾಸುವಿನಲ್ಲಿ ಎಲ್ಲರೂ ತಿಪ್ಪೆಗೆ ಬೆರೆಸುವುದು ಭತ್ತದ ಹೊಟ್ಟು.
ಸ್ನಾನದ ತೊಟ್ಟಿ ಮಾಡುವ ಬಡಗಿಯ ಅಂಗಳ ಗುಡಿಸಿ
ಮೂಟೆ ಕಟ್ಟಿ ತರುವವಳು ಒಬ್ಬಳೇ.
ನನ್ನ ತಂಗಿ, ಕಿನುಯೊ.

ನಲವತ್ತು ಹಸು. ನಸುಕಿನ ನಾಲ್ಕಕ್ಕೆ
ಗಾಳಿ ಬೆಟ್ಟದ ಕಡೆ ತಿರುಗಿತೇ ಎಂದು ಬೆರಳು ನೆಕ್ಕಿ ನೋಡಿ
ಲೋಡರ್ ಹತ್ತುತ್ತಾಳೆ, ರಾಶಿ ಮಗುಚುತ್ತಾಳೆ.
ಒಡಲಲ್ಲಿ ಎಪ್ಪತ್ತು ಡಿಗ್ರಿ; ಹಬೆ ಎದ್ದು
ಹೆಡ್‌ಲೈಟನ್ನೇ ನುಂಗುತ್ತದೆ.
ಮೇಲೆ ಹದವಾದ ಹಳೆಗೊಬ್ಬರ ಹೊದಿಸುತ್ತಾಳೆ,
ಚಳಿಜ್ವರದ ಮಗುವಿಗೆ ಕಂಬಳಿ ಹೊದಿಸಿದ ಹಾಗೆ.
ಆದರೂ ಕೆಳಗಿನ ಹೊಸ ವಿಲ್ಲಾಗಳಿಂದ
ಪುರಸಭೆಗೆ ನಲವತ್ತಮೂರು ಕಾಗದ.
ಒಂದರಲ್ಲಿ, ಮುತ್ತಿನಂಥ ಅಕ್ಷರದಲ್ಲಿ,
ಹಸುಗಳಿಗೆ ಬೇರೇನಾದರೂ ತಿನ್ನಿಸಲಾಗದೇ ಎಂದು ವಿಚಾರಿಸಿದ್ದರಂತೆ.

ಇಲ್ಲಿಯ ನಿಯಮ ಹೀಗಿದೆ:
ಆರು ಮೂಗಿನಲ್ಲಿ ಅತಿ ಚೂಪಾದದ್ದನ್ನೂ ಅತಿ ಮೊಂಡಾದದ್ದನ್ನೂ
ಹೊಡೆದುಹಾಕಿ, ನಡುವಿನ ನಾಲ್ಕಕ್ಕೆ ಸರಾಸರಿ.
ಒಂಬತ್ತು ವರ್ಷದಿಂದ ಹೊಡೆಸಿಕೊಂಡ ಚೂಪು ನನ್ನದು.
ಮೊಂಡು, ಸಿಗರೇಟು ಬಿಟ್ಟು ಎರಡೇ ವರ್ಷವಾದ ತಮಾನೊಯಿಯವರದು.
ನಿಜ ಹೇಳಿದರೆ ನಾನು ಲೆಕ್ಕಕ್ಕಿಲ್ಲ.
ಗೊತ್ತಾಗಲಿಲ್ಲ ಅಂದರೂ ಇಲ್ಲ;
ಆದರೆ ಆಗ ತಮಾನೊಯಿ ಒಳಗೆ ಬರುತ್ತಾರೆ,
ಪಕ್ಕದ ನರ್ಸು ಹುಡುಗಿ ಹೊರಗೆ ಹೋಗುತ್ತಾಳೆ,
ಅಂಕಿ ಒಂದೆರಡು ಮೆಟ್ಟಿಲು ಇಳಿಯುತ್ತದೆ.
ನನ್ನ ನಿಜಕ್ಕಿಲ್ಲದ ತೂಕ
ನನ್ನ ಸುಳ್ಳಿಗಿದೆ.

ಹೊಸೊಯಾ ಪೆನ್ಸಿಲು ಹಿಡಿದು ನಿಂತಿದ್ದರು.
ಬಾಯಿ ಎಷ್ಟು ಬೇಕಾದರೂ ತಿಪ್ಪೆ ಸಾರಿಸೀತು,
ಮೂಗಿಗೆ ಆ ವಿದ್ಯೆ ಬಾರದು.
ಎರಡು, ಅಂದೆ.
ಸಾವಿರಕ್ಕೆ, ಒಂದು.
ಮೂರು ಸಾವಿರಕ್ಕೆ ನಾನೊಬ್ಬಳೇ ಉಳಿದಿದ್ದೆ.
ಅಲ್ಲಿ ಹಸುವಿರಲಿಲ್ಲ, ನಾತವಿರಲಿಲ್ಲ.
ಬಿಸಿನೀರು ತುಂಬುವ ಮುಂಚಿನ ತೊಟ್ಟಿ,
ಮೊದಲು ಯಾರು ಇಳಿಯುವುದೆಂದು ಜಗಳ,
ಕಿನುಯೊಳ ಒದ್ದೆ ಜಡೆ.
ಮೂರು, ಅಂದೆ. ಸರಿಯಿತ್ತು.
ಹೊಸೊಯಾ ಸ್ಕೇಲಿಟ್ಟು
ನನ್ನ ಸಾಲಿಗೆ ಅಡ್ಡಗೆರೆ ಎಳೆದರು.

ಡಿಸೆಂಬರಿನಲ್ಲಿ ಪಾರ್ಸೆಲ್ ಬಂತು: ಪೇಪರು ಸುತ್ತಿದ ಉದ್ದನೆಯ ಈರುಳ್ಳಿ.
ಜೊತೆಗೆ ಚೀಟಿ:
ರಾಶಿಗೆ ಗೋಡೆ, ಛಾವಣಿ, ಫ್ಯಾನು ಎಲ್ಲ ಹಾಕಿಸಬೇಕಂತೆ ಅಕ್ಕ.
ಎರಡು ಹಸು ಕೊಟ್ಟೆ. ಕಪ್ಪು ಹಣೆಯದನ್ನು ಕೊಡಲಿಲ್ಲ.
ಅಲ್ಲಿ ಯಾರದೋ ಮೂಗು ಬಹಳ ಚುರುಕಂತೆ.

ಬೇರಿಗಂಟಿದ ಮಣ್ಣನ್ನು ಮೂಗಿಗೆ ಹಿಡಿದೆ.
ಮಣ್ಣು. ಮತ್ತೆ ಹಿಡಿದೆ, ಮಣ್ಣೇ.
ತೊಳೆಯದೆ, ಬಾಲ್ಕನಿಯ ಮೂಲೆಗೆ
ಒರಗಿಸಿ ಇಟ್ಟಿದ್ದೇನೆ.