ಷರಾ

ಲಾಗ್‌ಬುಕ್ಕಿನಲ್ಲಿ ಐದು ಕಾಲಂ:
ತಾರೀಖು, ಹಚ್ಚಿದ ಹೊತ್ತು, ಆರಿಸಿದ ಹೊತ್ತು, ವೋಲ್ಟೇಜು,
ಕೊನೆಯದು ಷರಾ.
ಇಪ್ಪತ್ತಾರು ವರ್ಷ ಅದರಲ್ಲಿ
'ಇಲ್ಲ' ಎಂದು ಬರೆದವನು ನಾನು.

ಬೈಲಹೊಂಗಲದವ. ಎರೆಮಣ್ಣಿನವ.
ಕಾರವಾರದ ಗುಡ್ಡದಿಂದ ಮೊದಲ ಸಲ ಕಡಲು ಕಂಡು
ಇಷ್ಟು ನೀರಿಗೆ ಒಡ್ಡು ಎಲ್ಲಪ್ಪಾ ಅಂದಿದ್ದೆ.
ವಾಚ್‌ಮನ್ ಬೊಮ್ಮು ಗೌಡ ನಗಲಿಲ್ಲ.
"ನಾವ್ ನಿಂತದ್ದೇ ಒಡ್ಡು, ಸಾಯ್ಬ್ರೆ."

ಕಂಬ ಬಂದದ್ದು ತುಂಡು ತುಂಡಾಗಿ, ಎರಡು ಲಾರಿಯಲ್ಲಿ.
ಹನ್ನೊಂದು ಗೇರುಮರ ಕಡಿದರು.
ನಿಲ್ಲಿಸುವ ದಿನ ಗಾಳಿಗೆ ಹೆದರಿ ಅರ್ಧಕ್ಕೇ ಬಿಟ್ಟರು;
ಆ ರಾತ್ರಿ ಅರ್ಧ ಕಂಬದ ಮೇಲೆ ಗೂಬೆ ಕೂತಿತ್ತು.
ಇದು ಷರಾದಲ್ಲಿಲ್ಲ.

ನಮಗೆ ಸ್ವಂತ ಮಾತಿರಲಿಲ್ಲ.
ದಿಲ್ಲಿ ಹೇಳಿದ್ದನ್ನು ತಟ್ಟೆಯಲ್ಲಿ ಹಿಡಿದು
ಕೋಡಿಬಾಗಕ್ಕೆ, ಬೈತಖೋಲಕ್ಕೆ, ಮಾಜಾಳಿಗೆ ಬಡಿಸುವುದು.
ಮಳೆ ಜೋರಾದರೆ ವಾರ್ತೆಯವಳ ಮುಖಕ್ಕೆ
ಅಕ್ಕಿ ಎರಚಿದಂತಾಗುತ್ತಿತ್ತು.
ಜನ ಫೋನು ಮಾಡಿ ಬೈಯುತ್ತಿದ್ದದ್ದು ನನಗೆ,
ಮೋಡಕ್ಕಲ್ಲ.

ಉಪ್ಪುಗಾಳಿ ನಟ್ಟು ಬೋಲ್ಟು ತಿಂದು ತೇಗುತ್ತಿತ್ತು.
ಅಕ್ಟೋಬರ್ ಬಂತೆಂದರೆ ಗ್ರೀಸಿನ ಡಬ್ಬಿ ಸೊಂಟಕ್ಕೆ ಕಟ್ಟಿ
ಏರುತ್ತಿದ್ದ ಇನಾಸ್ ರೊಡ್ರಿಗ್ಸ್,
ತುದಿಯ ಕೆಂಪು ಬಲ್ಬು ಬದಲಿಸಿ ಇಳಿದು
ಒಂದು ಬೀಡಿ ಮುಗಿಯುವವರೆಗೆ
ಯಾರ ಕೂಡೆಯೂ ಮಾತಾಡುತ್ತಿರಲಿಲ್ಲ.

ಹಂಚಿನ ಮೇಲೆಲ್ಲ ಬಿಳಿ ಬೋಗುಣಿಗಳು ಬಂದವು.
ಫೋನು ತಣ್ಣಗಾಯಿತು.
ಬೈಗುಳವೂ ಒಂದು ನಂಟು ಎಂದು ಆಗ ತಿಳಿಯಿತು.
ಆಮೇಲೊಂದು ಸುತ್ತೋಲೆ: ಮೂವತ್ತೊಂದಕ್ಕೆ ಬಂದ್.

ರಾತ್ರಿ ಹನ್ನೆರಡಕ್ಕೆ ಸ್ವಿಚ್ಚು ಎಳೆದೆ.
ಯಂತ್ರದ ಫ್ಯಾನು ನಿಂತಾಗ ಕೇಳಿಸಿದ್ದು ಸಮುದ್ರ.
ಇಷ್ಟು ವರ್ಷ ಇದು ಇಲ್ಲೇ ಇತ್ತೆ?
ವಾರ ಕಳೆಯಿತು. ಒಬ್ಬರ ದೂರೂ ಬರಲಿಲ್ಲ.

ಒಂಬತ್ತನೆಯ ದಿನ ಗುಡ್ಡ ಹತ್ತಿ ಬಂದರು
ಬೈತಖೋಲದವರು, ಏಳು ಜನ.
ಮುಂದೆ ಪುರ್ಸು ತಾಂಡೇಲ, ಹಿಮ್ಮಡಿಗೆ ಇನ್ನೂ ಮರಳು.
"ಟೀವಿ ನೋಡಿ ಯಾವ ಕಾಲ ಆಯ್ತು.
ಕೆಂಪು ಬತ್ತಿ ಯಾಕೆ ನಂದಿಸಿದಿರಿ?
ಬತ್ತಿ ಇಗರ್ಜಿಯ ಶಿಲುಬೆಯ ನೆತ್ತಿಗೆ ಬಂದಾಗ
ಎಡಕ್ಕೆ ಹೊರಳಬೇಕು. ತಪ್ಪಿದರೆ ಬಂಡೆ.
ಮಗನಿಗೆ ಹಾಗೇ ಕಲಿಸಿದ್ದೆ.
ಮೊನ್ನೆ ಅವನ ದೋಣಿ ತರಚಿತು."

ಕಡತ ತೆಗೆದು ನೋಡಿದೆ.
ದೀಪ ವಿಮಾನಗಳಿಗೆ ಎಂದಿತ್ತು.
ದೋಣಿ ಎಂಬ ಶಬ್ದ ಎಲ್ಲೂ ಇರಲಿಲ್ಲ.

ಬೊಮ್ಮು ಗೌಡ ಅಡುಗೆಕೋಣೆಯ ಪಾಯಿಂಟಿನಿಂದ ತಂತಿ ಎಳೆದ.
ಅರವತ್ತು ದಾಟಿದ ಇನಾಸ್
ಬೇಡವೆಂದರೂ ಅಂಗಿ ಬಿಚ್ಚಿಟ್ಟು ಏರಿದ.
ಏಳು ಜನವೂ ಕತ್ತೆತ್ತಿ ನಿಂತಿದ್ದರು,
ಸಮುದ್ರಕ್ಕೆ ಬೆನ್ನು ಹಾಕಿ.

ಮುಚ್ಚಿದ ಕೇಂದ್ರದ ಲಾಗ್‌ಬುಕ್ಕು ತೆರೆದೆ.
ಹಚ್ಚಿದ ಹೊತ್ತು: ಆರು ನಲವತ್ತು.
ಆರಿಸಿದ ಹೊತ್ತು: ಖಾಲಿ ಬಿಟ್ಟೆ.
ಷರಾ: ಜನ ಬಂದಿದ್ದರು.