ನೆ ಮುಗಿದ ದಿನ

ಟೀವಿ ಮಂದಿ ಬಂದಿದ್ರು ಹೋದ ಮಂಗಳವಾರ,
ಬೆಟಗೇರಿ ರೈಲ್ವೆ ಗೇಟು ದಾಟಿ, ಓಣಿ ಕೇಳಿಕೋತ.
"ಮಸಾರದ ಒಂಬತ್ತೂ ಸಂಪುಟಕ್ಕ ಮೊಳಿ ಜೋಡಿಸಿದಾವ್ರು
ನೀವ ಏನ್ರಿ, ದಾವಲಸಾಬ್ರ?"
ಹೌದಂದೆ. ಖುರ್ಚಿ ಒಂದ ಇತ್ತು. ನಿಂತ ಇದ್ರು.

ಮಸಾರ ಅಂದ್ರ ಒಂದು ಗ್ರಹ.
ಮಾಗುಂಡಪ್ಪ ಮೋಜಣಿದಾರರು ಕಟ್ಟಿದ್ದು.
ಹಗಲೆಲ್ಲ ಮುಳಗುಂದದ ಹೊಲದಾಗ ಸರಪಳಿ ಎಳದು
ರಾತ್ರಿ ಕಂದೀಲ ಹಚ್ಚಿ ಅದಕ್ಕೂ ಸರ್ವೆ ನಂಬರ ಹಾಕತಿದ್ರು,
ಗುಡ್ಡಕ್ಕ, ಹಳ್ಳಕ್ಕ, ಒಣಗಿದ ಸಮುದ್ರಕ್ಕ.
ಹಿರೇಹಂದಿಗೋಳ, ಚಿಕ್ಕಹಂದಿಗೋಳ ಇದ್ಧಂಗ
ಅಲ್ಲಿ ಹಿರೇಸೋಮ, ಚಿಕ್ಕಸೋಮ, ಎರಡು ಚಂದ್ರ.
ಧೂಳಿಗೆ ಹದಿನಾರು ಹೆಸರು; ಹಸಿರಿಗೆ ಒಂದೂ ಇಲ್ಲ.
ಹಕ್ಕಿಗೆ ಕಾಲಿಲ್ಲ, ಕೂಡ್ರಾಕ ಟೊಂಗಿನ ಇಲ್ಲಲ್ಲ.
"ಒಂದು ತಪ್ಪಿದ್ರ ಎಲ್ಲಾ ಸುಳ್ಳಾಗ್ತೈತಿ, ದಾವಲ," ಅಂತಿದ್ರು,
ಪ್ರೂಫಿನ ಮ್ಯಾಲೆ ಮಿರ್ಚಿ ಎಣ್ಣಿ ಬೀಳದಂಗ
ಕೈ ಎತ್ತಿ ಹಿಡದು.

ನಾಲ್ಕನೇ ಸಂಪುಟ, ನೂರಾ ಹನ್ನೆರಡನೇ ಪುಟ.
ಅವರ ಕೈಬರಹ: ಕಲ್ಲುಗಳ ನೆರಳು ಉದ್ದವಾಯಿತು.
ಕೇಸಿನ್ಯಾಗ ಕೈ ಹಾಕಿದ್ರ ನೆ ಇಲ್ಲ.
ಯಾರದೋ ಮದವಿ ಕಾರ್ಡು, ಮನೆತನ, ನೆಂಟರಿಷ್ಟರು ಅಂತ
ಎಲ್ಲಾ ನೆ ನುಂಗಿ ಕುಂತಿತ್ತು.
ಹುಬ್ಬಳ್ಳಿಯಿಂದ ಹೊಸಾ ಮೊಳಿ ಬರಾಕ ಎರಡು ದಿನ.
ಮಶೀನು ಕಾಯ್ತಿತ್ತು, ಮಾಲಕರು ಬೈತಿದ್ರು.
ನ ಇಟ್ಟೆ, ಆಮ್ಯಾಲೆ ತಿದ್ದಿದ್ರಾತು ಅಂತ.
ಮರತೆ.
ಕಲ್ಲುಗಳ ನರಳು ಉದ್ದವಾಯಿತು.

ಅಚ್ಚಾದ ಹಾಳಿ ಹಿಡದು ಅವರು ಮಾತಾಡ್ಲಿಲ್ಲ. ಚಾ ಆರಿತು.
ಪಗಾರದಾಗ ಎಷ್ಟು ಮುರೀತಾರೋ ಅಂತ ನಾ ಲೆಕ್ಕ ಹಾಕಾತಿದ್ದೆ.
"ಇರ್ಲಿ," ಅಂದ್ರು. "ಆ ಊರಾಗ ಹಂಗ ಇರಬೇಕು."
ಐದನೇ ಸಂಪುಟದಿಂದ ಮಸಾರದ ಕಲ್ಲು
ಸಂಜಿಗೆ ನರಳಾಕ ಹತ್ತಿದ್ವು.
ಬಾಂದುಕಲ್ಲಿನ ನರಳು ಎಲ್ಲಿತನಕ ಕೇಳತೈತೋ
ಅಲ್ಲಿತನಕ ಆ ಮನಿತನದ ಹೊಲ.
ಕಿವುಡರಿಗೆ ಜಮೀನಿಲ್ಲ. ಅದಕ್ಕೊಂದು ಯುದ್ಧ,
ಏಳನೇ ಸಂಪುಟ ಪೂರ್ತಿ.

ಮೊದಲ ಧಾರವಾಡದಾಗ ರೇಡಿಯೋ ನಾಟಕ ಆತು.
ನರಳಿಗೆ ಬರೇ ಬೀಸುಕಲ್ಲು ತಿರುವಿದ್ರು, ಕಾಳು ಹಾಕದ.
ಅದು ಬರೋಬ್ಬರಿ ಇತ್ತು.
ಆಮ್ಯಾಲೆ ಹೈಸ್ಕೂಲ ಹುಡುಗರು ಆಡಿದ್ರು,
ಕಲ್ಲಾಗಿ ಕುಂತಾವ್ರು ನಕ್ಕುಬಿಟ್ರು.
ಈಗ ಇವರು. ಹಾವೇರಿ ಕಡೆ ಹತ್ತೀ ಗೋಡೌನಿನ್ಯಾಗ ಶೂಟಿಂಗು.
ಹಸಿರ ಇಲ್ಲದ ಗ್ರಹ ತೋರಸಾಕ
ನಾಲ್ಕೂ ಗ್ವಾಡಿಗೆ ಹಸಿರು ಬಟ್ಟಿ.
ಹಕ್ಕಿಗೆ ಕಾಲು ಹಚ್ಯಾರ. "ನೋಡೋ ಮಂದಿಗೆ ಕಾಲು ಬೇಕ್ರಿ, ಅಜ್ಜಾ."

"ಕಲ್ಲು ಯಾಕ ನರಳ್ತಾವ? ಒಂಬತ್ತರಾಗ ಎಲ್ಲೂ ಬರದಿಲ್ಲ.
ನಿಮಗೇನರ ಹೇಳಿದ್ರೇನು ಅವ್ರು?"
ತಾವ ಒಂದು ಕಾರಣ ಹುಡುಕ್ಯಾರಂತ:
ಕಲ್ಲಿನ ಬುಡಕ್ಕ ಸೋತ ಒಂದು ದಂಡು,
ಜೀವಂತ ಹುಗದದ್ದು.
ಆ ಹುಡುಗಿ ಅದನ್ನ ಹೇಳೂಮುಂದ ಹುಸೇನಬಿ
ಸೆರಗು ಮಾರಿಗೆ ಹಿಡದ್ಲು.

ಪ್ರೆಸ್ಸಿನ ಸೀಸ ಕಿಲೋ ಲೆಕ್ಕದಾಗ ಹೋಗಿ ಇಪ್ಪತ್ತು ವರ್ಷ.
ಕೇಸೊಂದು ಮನ್ಯಾಗ ಉಳದೈತಿ;
ಗುಂಡಿ, ಸೂಜಿ, ನನ್ನ ಬಿಪಿ ಗುಳಿಗಿ ಇಡ್ತಾಳ ಅದರಾಗ.
ಯಾವ ಖಾನಿ ಯಾವ ಅಕ್ಷರದ್ದು
ಕತ್ತಲದಾಗೂ ಬೆರಳಿಗೆ ಗೊತ್ತು.

"ಹೇಳಿದ್ರು," ಅಂದೆ. "ದಂಡು ಖರೇನ."
ಬರಕೊಂಡ್ರು.

ಅವರು ಹೊಂಟಾಗ ಸಂಜಿ. ಗೇಟು ಬಿದ್ದಿತ್ತು,
ಗೂಡ್ಸ ಗಾಡಿ, ಮುಗಿಯೂದಾ ಇಲ್ಲ.
ಅವರ ಜೀಪು ನಿಂತಲ್ಲೇ ನಿಂತಿತ್ತು,
ಅದರ ನೆರಳು, ಹೌದು, ನೆರಳ,
ನಮ್ಮ ಹೊಸ್ತಿಲತನಕ.